ಮಹಾರಾಜರ ಬಲಗಾಲು

ಫೆಬ್ರವರಿ ೩

ನನ್ನ ಪಿಸುವೇ,

ಗಂಟೆ ಬಾರಿಸಲಿ! ಪರದೆ ಏಳಲಿ! ನಿನ್ನ ತಾಯಿ ಮತ್ತೊಮ್ಮೆ ರಾಜನಾಗುತ್ತಿದ್ದಾಳೆ!

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಮೂರನೇ ಮಾತಿಗೆ ಕತ್ತಿ ಹಿರಿಯುತ್ತೇವೆ. ನೀನು ಪಿಸುಗುಟ್ಟುತ್ತೀಯ, ನಾನು "ಏನಂದೆ? ಏನಂದೆ?" ಎಂದು ಕೂಗುತ್ತೇನೆ, ನೀನು ಪಟ್ಟನೆ ಇಟ್ಟುಬಿಡುತ್ತೀಯ. ಹುಟ್ಟಿದಾಗಲೂ ನೀನು ಜೋರಾಗಿ ಅತ್ತವಳಲ್ಲ. ಸೂಲಗಿತ್ತಿಯೇ ಬಗ್ಗಿ ಕಿವಿಯಿಟ್ಟು ಕೇಳಿದಳು. ಕಾಗದದಲ್ಲಾದರೆ ಆ ತೊಂದರೆಯಿಲ್ಲ. ನಿನ್ನ ಅಕ್ಷರವೂ ನನ್ನ ಅಕ್ಷರವೂ ಒಂದೇ ಎತ್ತರ.

ಮೇ ತಿಂಗಳಲ್ಲಿ ನಮ್ಮ ಹೆಂಗಸರ ಕಂಪನಿ 'ಕೋಟೆಯ ಬಾಗಿಲು' ಆಡುತ್ತಿದೆ. ಮೀಸೆ ಹಚ್ಚಿ ಮೂವತ್ತು ವರ್ಷ ಸಿಂಹಾಸನ ಸವೆಸಿದವಳು ನಾನು. ನಾನಿರುವಾಗ ಬೇರೆ ಯಾರಿಗೆ ಕಿರೀಟ? ಮೂರನೇ ಅಂಕ ಕೇಳು. ಸೈನ್ಯವೆಲ್ಲ ಓಡಿಹೋಗಿದೆ. ಮುದಿ ರಾಜ ಒಬ್ಬನೇ ಕೋಟೆಯ ಮುಂದೆ. ಒಳಗಿನವರು ಹೆದರಿ ಶರಣಾಗಲು ಹೊರಟಿದ್ದಾರೆ. ಆಗ ಅವನು ಗುಡುಗುತ್ತಾನೆ: "ಬಾಗಿಲು ಮುಚ್ಚಿರಲಿ! ನಾನಿನ್ನೂ ನಿಂತಿದ್ದೇನೆ!" ಆಹಾ! ಈ ಮಾತು ಕೊನೇ ಸಾಲಿನಲ್ಲಿ ತೂಕಡಿಸುತ್ತಿರುವವನನ್ನೂ ಕುರ್ಚಿಯಿಂದ ಎಬ್ಬಿಸಬೇಕು. ಇಡೀ ಅಂಕ ನಿಂತೇ ಆಡಬೇಕು, ಪುಟ್ಟಿ. ಮೊಣಕಾಲಿನವರೆಗೆ ಬರುವ ಹೊಸ ಬೂಟು ಹೊಲಿಸಿದ್ದಾರೆ.

ಇನ್ನೊಂದು ವಿಷಯ. ನನ್ನದಲ್ಲ, ನಮ್ಮ ದ್ವಾರಪಾಲಕಿಯದು. ರಂಗಮಂದಿರದ ಹಿಂದಿನ ಕೋಣೆಯಲ್ಲಿ ನನ್ನ ಜೊತೆಗಿರುವ ಅವಳನ್ನು ಮರೆತಿಲ್ಲ ತಾನೆ? ಪ್ರತಿ ನಾಟಕದಲ್ಲೂ ಭರ್ಜಿ ಹಿಡಿದು ಬಾಗಿಲಲ್ಲಿ ನಿಂತು "ಅಪ್ಪಣೆ ಪ್ರಭು" ಎಂದು ಹೋಗುವವಳು. ಪಾಪ, ಬೂಟು ಉಜ್ಜಿ ಅವಳ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗಾಯವಾಗಿದೆ. ಹೊಸ ವರ್ಷಕ್ಕೆ ಮುಂಚಿನಿಂದ ಮಾಯುತ್ತಿಲ್ಲ. ಸ್ವಲ್ಪ ವಾಸನೆ ಬೇರೆ. ಹೆಂಗಸು ಧೈರ್ಯವಂತೆ, ನೋವನ್ನು ತೋರಿಸಿಕೊಳ್ಳುವವಳಲ್ಲ. ನಮ್ಮ ಬಣ್ಣದ ಕೋಣೆಯ ಬಿಸ್ಕತ್ತಿನ ಡಬ್ಬಿಯಿಂದ ಕೆಂಪು ಕ್ಯಾಪ್ಸೂಲು ಮುಗಿಸಿದಳು, ಹಳದಿ ಮಾತ್ರೆಯನ್ನೂ ಎರಡು ದಿನ ನುಂಗಿದಳು. ಇನ್ನು ಬಿಳಿಯದು ಇದೆ. ತಿನ್ನಬಹುದೋ? ರೋಗಾಣು ಹಿಡಿದು ಆಡಿಸುವವಳು ನೀನು, ಬೇಗ ಬರೆ.

ನಿನ್ನ ತಾಯಿ,
ಮೂವತ್ತು ವರ್ಷದ ಮಹಾರಾಜ

*

ಫೆಬ್ರವರಿ ೯

ಅಮ್ಮಾ,

ಮಹಾಪ್ರಭುಗಳಿಗೆ ಜಯವಾಗಲಿ.

ನಿನ್ನ ಕಾಗದ ಬಂದ ಕೂಡಲೇ ದ್ವಾರಪಾಲಕಿ ಚಿಕ್ಕಮ್ಮನಿಗೆ ಫೋನ್ ಮಾಡಿ ಕಾಲು ಹೇಗಿದೆ ಎಂದು ಕೇಳಿದೆ.

"ನನ್ನ ಕಾಲಿಗೇನೇ? ಎರಡೂ ಇದ್ದ ಜಾಗದಲ್ಲೇ ಇವೆ," ಎಂದರು. ಆಮೇಲೆ ದನಿ ತಗ್ಗಿಸಿ, "ನಿಮ್ಮಮ್ಮನ ಕಾಲು ಕೇಳು," ಎಂದರು.

ಆದ್ದರಿಂದ ಧೈರ್ಯವಂತೆಯಾದ ಆ ಹೆಂಗಸಿಗೇ ನೇರವಾಗಿ ಬರೆಯುತ್ತಿದ್ದೇನೆ. ನಿನಗೆ ಸಕ್ಕರೆ ಕಾಯಿಲೆ ಇದೆ. ಅಂಥವರ ಕಾಲಿನ ಗಾಯವನ್ನು ಇಷ್ಟು ದಿನ ಬೂಟಿನೊಳಗೆ ಮುಚ್ಚಿಡಬಾರದಿತ್ತು. ಮತ್ತೆ ಆ ಡಬ್ಬಿ! ಚಿಕ್ಕವಳಿದ್ದಾಗಿನಿಂದ ನೋಡಿದ್ದೇನೆ. ಯಾರಿಗೆ ಗಂಟಲು ಕಟ್ಟಿ ಡಾಕ್ಟರು ಮಾತ್ರೆ ಕೊಟ್ಟರೂ ದನಿ ಬರುವವರೆಗೆ ತಿನ್ನುವುದು, ಉಳಿದದ್ದನ್ನು "ಕಂಪನಿಯ ಖಜಾನೆ" ಎಂದು ಡಬ್ಬಿಗೆ ಹಾಕುವುದು. ಮುಂದಿನವರು ಅದರಲ್ಲೇ ಬಣ್ಣ ನೋಡಿ ಆರಿಸಿಕೊಳ್ಳುವುದು. ಅಮ್ಮಾ, ಅರ್ಧ ಏಟು ತಿಂದ ವೈರಿ ಸಾಯುವುದಿಲ್ಲ. ಏಟು ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾನೆ. ರೋಗಾಣುಗಳೂ ಹಾಗೇ. ಅವುಗಳಿಗೆ ನೀವೆಲ್ಲ ಸೇರಿ ವರ್ಷಗಟ್ಟಲೆ ತಾಲೀಮು ಕೊಟ್ಟಿದ್ದೀರಿ.

ನಾಳೆಯೇ ಕ್ಲಿನಿಕ್ಕಿಗೆ ಹೋಗು. ಗಾಯದ ಒಳಗಿನದನ್ನು ಹತ್ತಿಕಡ್ಡಿಯಲ್ಲಿ ತೆಗೆದು ನಮ್ಮ ಆಸ್ಪತ್ರೆಯ ಲ್ಯಾಬಿಗೇ ಕಳಿಸುತ್ತಾರೆ. ನಾವು ಮಾಡುವುದಿಷ್ಟೇ. ನಿನ್ನ ಗಾಯದ ರೋಗಾಣುವನ್ನು ಮೊದಲು ಬೆಳೆಸುತ್ತೇವೆ. ಆಮೇಲೆ ಅದನ್ನು ಜೆಲ್ಲಿ ತುಂಬಿದ ಗಾಜಿನ ತಟ್ಟೆಯ ಮೇಲೆ ಒಂದೇ ಸಮನೆ ಹರಡುತ್ತೇವೆ. ಮೇಲೆ ಪುಟ್ಟಪುಟ್ಟ ಕಾಗದದ ಬಿಲ್ಲೆ ಇಡುತ್ತೇವೆ, ಅಂಗಿಯ ಗುಂಡಿಗಿಂತ ಚಿಕ್ಕವು. ಒಂದೊಂದರಲ್ಲೂ ಒಂದೊಂದು ಔಷಧಿ. ತಟ್ಟೆ ರಾತ್ರಿಯಿಡೀ ಬೆಚ್ಚಗಿದ್ದರೆ ಬೆಳಗ್ಗೆ ರೋಗಾಣು ಉಸಿರು ತಾಗಿದ ಕನ್ನಡಿಯ ಹಾಗೆ ಮಬ್ಬಾಗಿ ಬೆಳೆದಿರುತ್ತದೆ. ಯಾವ ಔಷಧಿ ಅದನ್ನು ಕೊಲ್ಲುತ್ತದೋ ಆ ಬಿಲ್ಲೆಯ ಸುತ್ತ ಮಾತ್ರ ದುಂಡಗೆ ಶುಭ್ರ ಜಾಗ. ಸ್ಕೇಲಿಟ್ಟು ಅದರ ಅಗಲ ಅಳೆಯುತ್ತೇವೆ. ಸಾಕಷ್ಟು ಅಗಲವಿದ್ದರೆ ಆ ಔಷಧಿ ನಿನಗೆ.

ಅಲ್ಲಿಯವರೆಗೆ ಕೆಂಪು, ಹಳದಿ, ಬಿಳಿ ಯಾವುದನ್ನೂ ಮುಟ್ಟಬೇಡ. ದಯವಿಟ್ಟು.

ನಿನ್ನ ಪಿಸು

*

ಫೆಬ್ರವರಿ ೨೦

ಮಗಳೇ,

ಆ ದ್ವಾರಪಾಲಕಿ! ಜೀವನವಿಡೀ ಬಾಗಿಲು ಕಾದವಳು ಬಾಯಿ ಕಾಯಲಾರದೆ ಹೋದಳು. "ರಾಜದ್ರೋಹ!" ಎಂದು ಕೂಗಿದೆ. "ಹೂಂ, ಗಲ್ಲಿಗೇರಿಸು, ಅದಕ್ಕೆ ಮೊದಲು ಕಾಲು ಕೆಳಗಿಟ್ಟು ನಡೆದು ತೋರಿಸು," ಎಂದಳು. ಹೇಗಿದೆ ನೋಡು ಪ್ರಜೆಗಳ ಪೊಗರು.

ನಿನ್ನ ತಟ್ಟೆಯ ವಿಷಯ ಬಣ್ಣದ ಕೋಣೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನನಗೆ ಅರ್ಥವಾದದ್ದು ಹೀಗೆ: ತಟ್ಟೆಯೇ ರಂಗಮಂದಿರ, ರೋಗಾಣುಗಳೇ ಕಿಕ್ಕಿರಿದ ಪ್ರೇಕ್ಷಕರು, ನಡುವೆ ಒಂದೊಂದು ಬಿಲ್ಲೆಯೂ ಒಬ್ಬೊಬ್ಬ ನಟ. ಯಾರ ಸುತ್ತಲಿನ ಪ್ರೇಕ್ಷಕರೆಲ್ಲ ಎದ್ದು ಓಡಿಹೋಗುತ್ತಾರೋ ಅವನೇ ಗೆದ್ದವನು! "ಹಂಗಾದ್ರೆ ನಮ್ಮ ಕಂಪನೀಲೇ ಒಳ್ಳೊಳ್ಳೆ ಔಷಧಿಗಳಿವೆ," ಎಂದಳು ದ್ವಾರಪಾಲಕಿ, ನನ್ನ ಕಡೆಯೇ ನೋಡುತ್ತ. ನಕ್ಕು ನಕ್ಕು ವಿದೂಷಕಿಯ ಹುಬ್ಬು ಕರಗಿ ಕೆನ್ನೆಗಿಳಿಯಿತು.

ಕ್ಲಿನಿಕ್ಕಿಗೆ ಹೋಗಿಬಂದೆ. ಹೇಗೆಂದರೆ, ಪರದೇಶದ ದೊರೆಯ ದರ್ಬಾರಿಗೆ ಹೋಗುವ ರಾಜನ ಹಾಗೆ ಸಿದ್ಧಳಾಗಿ! ನನ್ನ ಕಾಲಿನದು ನನ್ನ ಮಗಳ ಕಣ್ಣೆದುರಿಗೆ ಹೋಗುತ್ತದೆಂದರೆ ಸುಮ್ಮನೆಯೇ? ನರ್ಸಮ್ಮ ನೋಡಿ, "ಗಾಯ ಎಷ್ಟು ನೀಟಾಗಿದೆ ಅಜ್ಜಿ," ಎಂದಳು. ಅಜ್ಜಿ ಎಂದದ್ದನ್ನು ಕ್ಷಮಿಸಿದೆ. ಕಡ್ಡಿ ತಗುಲಿಸಿ ತೆಗೆದಳು, ನಾನು ಹಾ ಎನ್ನಲಿಲ್ಲ.

ಮಾತ್ರೆ ಮುಟ್ಟಿಲ್ಲ. ಕಿರೀಟದಾಣೆ. ತಾಲೀಮು ನಡೆಯುತ್ತಿದೆ. ಬಲಗಾಲಿನ ಬೂಟು ಸ್ವಲ್ಪ ಬಿಗಿ.

ನಿನ್ನ ತಾಯಿ,
ಕೋಟೆಯ ಒಡೆಯ

*

ಫೆಬ್ರವರಿ ೨೭

ಅಮ್ಮಾ,

ನಿನ್ನ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ.

ಕ್ಲಿನಿಕ್ಕಿನ ಡಾಕ್ಟರು ಅದನ್ನು ಕೇಳಿ "ಸದ್ಯ, ಏನೂ ಇಲ್ಲ" ಎಂದು ನಿನಗೆ ಮುಲಾಮು ಕೊಟ್ಟು ಕಳಿಸಿದ್ದಾರೆಂದು ತಿಳಿಯಿತು. ನೀನೂ ಕುಣಿದಿರುತ್ತೀಯ. ಆದರೆ ಆ ಕಡ್ಡಿಯಿಂದಲೇ ಒಂದು ಗಾಜಿನ ಸ್ಲೈಡಿಗೂ ಸವರಿ ಬಣ್ಣ ಹಾಕಿದ್ದೆವು. ಮೈಕ್ರೋಸ್ಕೋಪಿನ ಕೆಳಗಿಟ್ಟರೆ ಅಲ್ಲಿ ಸಂತೆಯ ಹಾಗೆ ರೋಗಾಣು! ಸ್ಲೈಡಿನಲ್ಲಿ ಅಷ್ಟು ಜನಸಂದಣಿ, ತಟ್ಟೆಯಲ್ಲಿ ಒಬ್ಬನೂ ಇಲ್ಲ. ನಮ್ಮ ಲ್ಯಾಬಿನ ಮುಖ್ಯಸ್ಥೆಯನ್ನು ನಾವು ದೊಡ್ಡ ಮೇಡಂ ಎನ್ನುತ್ತೇವೆ. ಅವರು ಎರಡನ್ನೂ ನೋಡಿ, "ಇವು ಹೆಣಗಳು ಕಣಮ್ಮ. ಕಡ್ಡಿ ತಗಲೋಕೆ ಮುಂಚೆ ಯಾರೋ ಮೇಲಿನವನ್ನ ಕೊಂದಿದಾರೆ. ಪೇಷಂಟು ಏನು ಹಚ್ಕೊಂಡಿದ್ರು ಕೇಳು," ಎಂದರು.

ನಿನ್ನನ್ನು ಕೇಳಿದರೆ ಸಂಭಾಷಣೆ ಬರುತ್ತದೆ, ಉತ್ತರ ಬರುವುದಿಲ್ಲ. ಚಿಕ್ಕಮ್ಮನನ್ನು ಕೇಳಿದೆ. ಬೆಳಗ್ಗೆ ಎದ್ದು ಗಾಯ ತೊಳೆಯುವ ಕಟು ಔಷಧಿಯ ಬಾಟಲಿಯನ್ನು ಪೂರ್ತಿ ಸುರಿದುಕೊಂಡೆಯಂತೆ. ಹಲ್ಲುಕಚ್ಚಿ ಉಜ್ಜಿದೆಯಂತೆ. ಮೇಲೆ ಮುಖದ ಪೌಡರು ಹಾಕಿ, "ಮಗಳ ಮುಂದೆ ಕೊಳಕು ಕಾಲು ನೀಡೋದಾ?" ಎಂದೆಯಂತೆ.

ಕೇಳಿ ನಕ್ಕೆ ಅಂದುಕೊಳ್ಳಬೇಡ. ಮೊದಲು ನಕ್ಕೆ, ನಿಜ. ಆಮೇಲೆ ಆಗಲಿಲ್ಲ. ತಪ್ಪು ನನ್ನದೂ ಇದೆ. ಮಾತ್ರೆ ಮುಟ್ಟಬೇಡ ಎಂದು ಬರೆದೆ, ತೊಳೆಯಬೇಡ ಎಂದು ಬರೆಯಲಿಲ್ಲ. ಬಣ್ಣ ಹಚ್ಚದೆ ನೀನು ಯಾರ ಮುಂದೆಯೂ ಹೋದವಳಲ್ಲ ಎಂಬುದು ನನಗಲ್ಲದೆ ಯಾರಿಗೆ ಗೊತ್ತಿರಬೇಕಿತ್ತು?

ಒಳಗಿನವು ಹಾಗೇ ಇವೆ, ಅಮ್ಮಾ. ಇನ್ನೊಮ್ಮೆ ಕೊಡು. ಇದ್ದ ಹಾಗೇ ಹೋಗು. ವಾಸನೆ ಬಂದರೆ ಬರಲಿ. ನಾನು ನೋಡುತ್ತೇನೆ.

ಪಿಸು

*

ಮಾರ್ಚ್ ೮

ಪಿಸು,

ಅಂಕ ಬದಲಾಗಿದೆ. ಇದು ನಮ್ಮೂರ ಆಸ್ಪತ್ರೆಯ ಮಂಚ. ಪಕ್ಕದಲ್ಲಿ ಕಬ್ಬಿಣದ ಚಿಕ್ಕ ಬೀರು, ಎದುರಿನ ಗೋಡೆಯ ಗಡಿಯಾರ ನಿಂತುಹೋಗಿದೆ. ಮೊನ್ನೆ ತಾಲೀಮಿನಲ್ಲಿ "ಬಾಗಿಲು ಮುಚ್ಚಿರಲಿ" ಎಂದವಳು ಮುಂದಿನ ಮಾತು ಹೇಳುವ ಮೊದಲೇ ಕುಸಿದೆ. ಜ್ವರ. ಬೂಟನ್ನು ಎಳೆದು ತೆಗೆಯಲಾಗದೆ ಕತ್ತರಿಸಿ ತೆಗೆದರು. ಹೊಸ ಬೂಟು ಕಣೇ! ಹೊಟ್ಟೆ ಉರಿದುಹೋಯಿತು. ಆಮೇಲೆ ಕಾಲು ನೋಡಿದೆ. ಬೂಟಿನ ಚಿಂತೆ ಬಿಟ್ಟೆ. ಹೆಬ್ಬೆರಳೂ ಅದರ ಪಕ್ಕದ್ದೂ ಕಪ್ಪಗಾಗಿವೆ.

ಈ ಸಲ ನರ್ಸು ಬಂದಾಗ ತೊಳೆಯಲಿಲ್ಲ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಕಳಿಸಿದ್ದೇನೆ.

ಇಲ್ಲಿನ ಸರ್ಜನ್ ಒಳ್ಳೆಯವರು, ಕಡಿಮೆ ಮಾತಿನವರು. ಮಂಚದ ತುದಿಯಲ್ಲಿ ಕೂತು ಹೇಳಿದರು: "ಅಮ್ಮಾ, ಲ್ಯಾಬಿನವರು ಒಂದು ಔಷಧಿ ಹೇಳಿದ್ರೆ ಸರಿ. ಇಲ್ಲಾಂದ್ರೆ ವಿಷ ಮೇಲಕ್ಕೆ ಹತ್ತುತ್ತೆ. ಕಾಯೋಕಾಗಲ್ಲ."

"ಎಲ್ಲಿಗೆ?" ಎಂದೆ. ಅವರಿಗೆ ಅರ್ಥವಾಯಿತು. ಕೈಯನ್ನು ನನ್ನ ಮೊಣಕಾಲಿನ ಕೆಳಗೆ ಇಟ್ಟರು.

"ಸ್ವಾಮಿ, ನಾನು ಮೂರನೇ ಅಂಕದಲ್ಲಿ ನಿಲ್ಲಬೇಕು," ಎಂದೆ.

"ಮೂರನೇ ಅಂಕಕ್ಕೆ ನೀವು ಇರಬೇಕಲ್ಲಮ್ಮ," ಎಂದರು. ಎಂಥ ಮಾತು! ನಾಟಕಕಾರನಾಗಬೇಕಿತ್ತು ಆತ.

ನೀನು ಬರಬೇಡ. ರಾಜನನ್ನು ಮಲಗಿರುವಾಗ ಯಾರೂ ನೋಡಬಾರದು. ಬರಬೇಡ ಎಂದರೆ ಬರಬೇಡ ಅಷ್ಟೇ. ಊಟ ಸರಿಯಾಗಿ ಮಾಡು.

ನಿನ್ನ ತಾಯಿ

*

ಮಾರ್ಚ್ ೧೨

ಅಮ್ಮಾ,

ಸಂಜೆಯಾಗಿದೆ. ಕ್ಯಾಂಟೀನಿನ ಮೇಜಿನ ಮೇಲೆ ಬರೆಯುತ್ತಿದ್ದೇನೆ. ಈ ಕಾಗದ ನಿನ್ನನ್ನು ಮುಟ್ಟುವ ಹೊತ್ತಿಗೆ ಏನಾಗಿರುತ್ತದೋ ಗೊತ್ತಿಲ್ಲ. ಆದರೂ ಬರೆಯದೆ ಕೂರಲಾರೆ.

ಬೆಳಗ್ಗೆ ನಿನ್ನ ತಟ್ಟೆ ತೆಗೆದೆ. ಹೆಸರಿರಲಿಲ್ಲ, ಬರೀ ನಂಬರು. ಮುಚ್ಚಳದಾಚೆಯೇ ಕಂಡಿತು. ಬಿಲ್ಲೆಯ ಅಂಚಿನವರೆಗೂ ಮಬ್ಬು. ಒಂದರ ಪಕ್ಕ ಒಂದು ಎಲ್ಲ ಬಿಲ್ಲೆಗಳೂ ಸೋತಿದ್ದವು. ನಿನ್ನ ಮಾತಿನಲ್ಲಿ ಹೇಳುವುದಾದರೆ, ಒಬ್ಬ ಪ್ರೇಕ್ಷಕನೂ ಜಾಗ ಬಿಟ್ಟು ಕದಲಿರಲಿಲ್ಲ.

ಒಂದರ ಸುತ್ತ ಮಾತ್ರ ಸ್ವಲ್ಪ ಜಾಗವಿತ್ತು. ಸ್ಕೇಲಿಟ್ಟೆ. ಔಷಧಿ ಕೆಲಸ ಮಾಡುತ್ತದೆ ಎನ್ನಲು ಬೇಕಾದ ಗೆರೆಗೆ ಸರಿಯಾಗಿ ಮುಟ್ಟಿತು! ಮತ್ತೆ ಇಟ್ಟೆ, ಮುಟ್ಟಿತು. ತಟ್ಟೆ ತಿರುಗಿಸಿ ಅಳೆದೆ, ಆಗಲೂ ಮುಟ್ಟಿತು. "ಇದು ಆಗುತ್ತೆ" ಎಂದು ಬರೆಯಲು ಪೆನ್ನು ತೆಗೆದೆ.

ದೊಡ್ಡ ಮೇಡಂ ಹಿಂದೆ ನಿಂತಿದ್ದರು. "ಯಾರ ತಟ್ಟೆ?" ಎಂದರು. ಹೇಳಿದೆ. ಅವರು ನನ್ನ ಕೈಯಿಂದ ಸ್ಕೇಲು ತೆಗೆದುಕೊಂಡು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. "ಅಂಚಲ್ಲಿ ತೆಳ್ಳಗೆ ಬೆಳೆದಿದೆ ನೋಡು. ನಿನ್ನ ಕಣ್ಣು ಅದನ್ನ ಬಿಟ್ಟುಬಿಡ್ತಿದೆ. ಎರಡು ಮಿಲಿಮೀಟರ್ ಕಮ್ಮಿ," ಎಂದರು. ನಾನು ನೋಡಿದೆ. ಇತ್ತು. ಮೊದಲಿನಿಂದಲೂ ಇತ್ತು, ಅಮ್ಮಾ. ನನ್ನ ಕಣ್ಣು ಅದನ್ನು ನೋಡಲು ಒಪ್ಪಿರಲಿಲ್ಲ.

ನಾನು ಆ ಔಷಧಿ ಬರೆದಿದ್ದರೆ ಅದನ್ನೇ ನಿನಗೆ ಏರಿಸುತ್ತಿದ್ದರು. ಕೆಲಸ ಮಾಡುತ್ತಿದೆ ಎಂದು ಎಲ್ಲರೂ ಕಾಯುತ್ತ ಕೂರುತ್ತಿದ್ದೆವು. ಅಷ್ಟರಲ್ಲಿ... ಮುಂದೆ ಬರೆಯುವುದಿಲ್ಲ.

"ಸ್ವಂತದವರ ತಟ್ಟೆ ಸ್ವಂತದವರು ಓದಬಾರದು," ಎಂದರು ಮೇಡಂ. ಬೈಯಲಿಲ್ಲ. "ಯಾವುದೂ ಕೆಲಸ ಮಾಡುತ್ತಿಲ್ಲ" ಎಂದು ನಿಮ್ಮ ಸರ್ಜನ್‌ಗೆ ಅವರೇ ಫೋನ್ ಮಾಡಿ ತಿಳಿಸಿದರು.

ಇನ್ನೊಂದು ದಾರಿ ಇದೆ. ಈ ರೋಗಾಣುವಿನ ಹತ್ತಿರ ಒಂದು ಕತ್ತರಿ ಇದೆ ಎಂದುಕೋ. ಬಂದ ಔಷಧಿಯನ್ನೆಲ್ಲ ಕತ್ತರಿಸಿ ಹಾಕುತ್ತದೆ. ಸೋತವುಗಳಲ್ಲಿ ಒಂದು ಔಷಧಿಗೆ ಕೊಲ್ಲುವ ಶಕ್ತಿಯಿಲ್ಲ, ಆದರೆ ಆ ಕತ್ತರಿಯ ಬಾಯಿ ಹಿಡಿಯಬಲ್ಲದು. ಇನ್ನೊಂದಕ್ಕೆ ಕೊಲ್ಲುವ ಶಕ್ತಿಯಿದೆ, ಕತ್ತರಿಯೆದುರು ನಿಲ್ಲಲಾರದು. ಮಧ್ಯಾಹ್ನವೇ ಹೊಸ ತಟ್ಟೆಯಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೇವೆ. ಬೆಳೆಯಲು ಅವು ತಮ್ಮ ಸಮಯ ತೆಗೆದುಕೊಳ್ಳುತ್ತವೆ. ಎಷ್ಟು ಬೇಡಿಕೊಂಡರೂ ಬೇಗ ಬೆಳೆಯುವುದಿಲ್ಲ.

ಅಲ್ಲಿಗೆ ಬಂದರೆ ನಿನ್ನ ಕೈ ಹಿಡಿದು ಕೂರಬಹುದು. ಇಲ್ಲಿದ್ದರೆ ಈ ತಟ್ಟೆಯ ಬಾಗಿಲಲ್ಲಿ ಕಾಯಬಹುದು. ಯಾವುದು ಸರಿ ಎಂದು ನನಗೆ ತಿಳಿಯುತ್ತಿಲ್ಲ.

ಪಿಸು

*

ಮಾರ್ಚ್ ೨೨

ಮಗಳೇ,

ನಿನ್ನ ಹನ್ನೆರಡನೇ ತಾರೀಕಿನ ಕಾಗದ ಬಂದಾಗ ಯುದ್ಧ ಮುಗಿದಿತ್ತು. ಆದರೂ ಎರಡು ಸಲ ಓದಿದೆ. ಈಗ ನನ್ನ ಸರದಿ. ಹದಿಮೂರನೇ ತಾರೀಕಿನ ಬೆಳಗಿನ ದೃಶ್ಯ ಕೇಳು!

ಉದ್ದನೆಯ ಓಣಿ. ಎರಡೂ ಕಡೆ ಬೆಂಚು, ಬೆಂಚಿನ ತುಂಬ ಜನ. ಚಕ್ರದ ಮಂಚದ ಮೇಲೆ ಮಹಾರಾಜರು. ಒಂದು ಚಕ್ರ ಕಿರ್ ಕಿರ್ ಎನ್ನುತ್ತಿದೆ. ಪಕ್ಕದಲ್ಲಿ ದ್ವಾರಪಾಲಕಿ ಬಾಯಿಗೆ ಸೆರಗು ಒತ್ತಿಕೊಂಡು ನಡೆಯುತ್ತಿದ್ದಾಳೆ. ಕಾಲು ತೆಗೆಯಲು ಒಪ್ಪಿಗೆಯ ಕಾಗದಕ್ಕೆ ಹಿಂದಿನ ಸಂಜೆಯೇ ಸಹಿ ಹಾಕಿದ್ದೆ. ಆಪರೇಷನ್ ಕೋಣೆಯ ಬಾಗಿಲಲ್ಲಿ ಒಂದು ಘನವಾದ ಮಾತು ಹೇಳಬೇಕೆಂದು ಹುಡುಕುತ್ತಿದ್ದೇನೆ. ಮೂವತ್ತು ವರ್ಷದ ಮಾತುಗಳಲ್ಲಿ ಒಂದೂ ಬಾಯಿಗೆ ಬರುತ್ತಿಲ್ಲ. ಮುಂದಿನ ಬಾಗಿಲು ತೆರೆಯಿತು.

ಆಗ ನರ್ಸುಗಳ ಮೇಜಿನ ಫೋನು ಹೊಡೆದುಕೊಂಡಿತು.

"ಸರ್, ಲ್ಯಾಬಿಂದ."

"ಆಪರೇಷನ್ನಿಗೆ ಹೋಗ್ತಿದೀನಿ, ಆಮೇಲೆ ಮಾಡೋಕೆ ಹೇಳಿ."

"ಹೇಳ್ದೆ ಸರ್. ಆಯಮ್ಮ ಕೇಳ್ತಿಲ್ಲ."

ಸರ್ಜನ್ ಫೋನ್ ತೆಗೆದುಕೊಂಡು ಕಿವಿಗಿಟ್ಟರು. ಇಟ್ಟವರೇ ಮಾರು ದೂರ ಹಿಡಿದರು! ಅದರೊಳಗಿಂದ ಹೊರಟಿತು ನೋಡು ಒಂದು ದನಿ: "ಕತ್ತರಿಸಬೇಡಿ! ಸರ್, ನಿಲ್ಲಿಸಿ! ಎರಡನ್ನೂ ಒಟ್ಟಿಗೆ ಕೊಡಿ! ಒಟ್ಟಿಗೇ!"

ಓಣಿಯ ಕೊನೆಯ ಬೆಂಚಿನ ಮುದುಕ ಎದ್ದು ನಿಂತ. ತಿಂಡಿಯ ಗಾಡಿ ತಳ್ಳುತ್ತಿದ್ದವಳು ಗಾಡಿ ನಿಲ್ಲಿಸಿದಳು. ಸರ್ಜನ್ ಕೇಳಿದರು, ಔಷಧಿಗಳ ಹೆಸರು ಎರಡು ಸಲ ಕೇಳಿ ಬರೆದುಕೊಂಡರು. "ಎರಡೂ ನಮ್ಮ ಸ್ಟೋರಲ್ಲೇ ಇವೆಯಲ್ಲ. ಇದಕ್ಕೆ ಸೋತವು ಅಂತ ಪಕ್ಕಕ್ಕಿಟ್ಟಿದ್ದೆವು," ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ನನ್ನ ಕಡೆ ಬಗ್ಗಿ, "ಯಾರಮ್ಮ ಇದು? ಕಿವಿ ಹೋಯ್ತಲ್ಲ ನಂದು!" ಎಂದರು.

ಹೇಳು ಮಗಳೇ, ಆಗ ಗುಡುಗಬೇಕಾಗಿತ್ತಲ್ಲ ನಾನು? "ನನ್ನ ಮಗಳು," ಎಂದೆ. ಅದು ಮೊದಲನೇ ಸಾಲಿಗೂ ಕೇಳಲಿಲ್ಲವಂತೆ. ದ್ವಾರಪಾಲಕಿಯೇ ಮತ್ತೊಮ್ಮೆ ಗಟ್ಟಿಯಾಗಿ ಹೇಳಬೇಕಾಯಿತು: "ಅವರ ಮಗಳು ಸಾರ್, ಅವರ ಮಗಳು!"

"ನಾಳೆ ಸಂಜೆವರೆಗೆ ನೋಡ್ತೀನಿ. ಜ್ವರ ಇಳೀಲಿಲ್ಲ ಅಂದ್ರೆ ಮತ್ತೆ ಇದೇ ಮಂಚ," ಎಂದರು ಸರ್ಜನ್. ಎರಡೂ ಬಾಟಲಿ ತೂಗುಹಾಕಿದರು. ಮರುದಿನ ಮಧ್ಯಾಹ್ನ ಮೈ ಬೆವೆತು ಹಾಸಿಗೆಯೆಲ್ಲ ಒದ್ದೆ. ಜ್ವರ ಬಿಟ್ಟಿತ್ತು.

ಸತ್ತುಹೋಗಿದ್ದ ಎರಡು ಬೆರಳು ಮಾತ್ರ ಉಳಿಯಲಿಲ್ಲ. ಮೊನ್ನೆ ತೆಗೆದರು. ಹೋಗಲಿ, ಇಬ್ಬರು ಸೈನಿಕರು. ಕೋಟೆ ಉಳಿಯಿತು.

ಅಮ್ಮ

*

ಮಾರ್ಚ್ ೨೯

ಅಮ್ಮಾ,

ನಿನ್ನ ಕಾಗದವನ್ನು ದೊಡ್ಡ ಮೇಡಂ ಕೇಳಿ ಇಸಿದುಕೊಂಡು ಓದಿದರು. "ನಿಮ್ಮಮ್ಮ ಬರೀತಾರೋ ಕೂಗ್ತಾರೋ?" ಎಂದರು.

ಇಲ್ಲಿ ನಡೆದದ್ದು ಇಷ್ಟು. ಅಂದು ಬೆಳಗ್ಗೆ ತಟ್ಟೆ ತೆಗೆದೆ. ಎರಡು ಬಿಲ್ಲೆಗಳ ಆಚೆ ಬದಿಗಳಲ್ಲಿ ಮೊದಲಿನಂತೆಯೇ ಮಬ್ಬು. ಆದರೆ ನಡುವೆ, ಎರಡೂ ಒಂದನ್ನೊಂದು ನೋಡುವ ಕಡೆ, ಮಬ್ಬೆಲ್ಲ ಹೋಗಿ ಶುಭ್ರವಾಗಿತ್ತು. ಎರಡು ಕದ ತೆರೆದ ಹಾಗೆ. ನಾನು ಸ್ಕೇಲು ಮುಟ್ಟಲಿಲ್ಲ. ತಟ್ಟೆಯನ್ನು ಮೇಡಂ ಮುಂದೆ ಇಟ್ಟು ಕೈ ಕಟ್ಟಿ ನಿಂತೆ. ಅವರು ಬೆಳಕಿಗೆ ಹಿಡಿದರು, ಓರೆ ಮಾಡಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು. ಆ ಹೊತ್ತು ಎಷ್ಟು ಉದ್ದವಿತ್ತೋ!

"ಸ್ಕೇಲು ಬೇಡ. ಇದು ಕಣ್ಣಿಲ್ಲದವರಿಗೂ ಕಾಣುತ್ತೆ," ಎಂದರು. ನಾನು ಫೋನನ್ನು ಅವರ ಕಡೆ ಸರಿಸಿದೆ. ಅವರು ವಾಪಸು ನನ್ನ ಕಡೆ ತಳ್ಳಿದರು. "ಅಳೆಯೋಕೆ ನೀನು ಬೇಡ ಅಂದೆ. ಕೂಗೋಕೆ ನೀನೇ ಆಗಬೇಕು."

ನಾನು ಕೂಗಿದೆನೆಂದು ನನಗೆ ಗೊತ್ತೇ ಆಗಲಿಲ್ಲ. ಫೋನಿಟ್ಟು ತಿರುಗಿದರೆ ಲ್ಯಾಬಿನವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದವರು. ನನ್ನ ದನಿಯನ್ನು ಅವರು ಕೇಳಿದ್ದು ಅವತ್ತೇ. ಎರಡು ದಿನ ಗಂಟಲು ಕಟ್ಟಿತ್ತು. ಇಲ್ಲ, ಯಾವ ಮಾತ್ರೆಯನ್ನೂ ತಿನ್ನಲಿಲ್ಲ.

ತಟ್ಟೆ ಕಳಿಸು, ಗೋಡೆಗೆ ತೂಗುಹಾಕುತ್ತೇನೆ ಎಂದು ಚಿಕ್ಕಮ್ಮನ ಹತ್ತಿರ ಹೇಳಿಸಿದ್ದೀಯ. ಆಗುವುದಿಲ್ಲ ಮಹಾಪ್ರಭು. ಅದರ ತುಂಬ ಜೀವಂತ ವೈರಿಗಳು. ಓದಿಯಾದ ಮೇಲೆ ಎಲ್ಲ ತಟ್ಟೆಗಳನ್ನೂ ಹಬೆಯಲ್ಲಿ ಬೇಯಿಸಿ ಎಸೆಯುತ್ತೇವೆ. ನಿನ್ನದನ್ನು ನಾನೇ ಹಬೆಯ ಪಾತ್ರೆಗೆ ಇಟ್ಟೆ. ಮುಚ್ಚುವ ಮೊದಲು ಇನ್ನೊಮ್ಮೆ ನೋಡಿದೆ.

ಔಷಧಿ ಕೊನೆಯ ಬಾಟಲಿಯವರೆಗೂ ಹೋಗಬೇಕು. ನಡುವೆ "ನನಗೆ ವಾಸಿಯಾಯ್ತು" ಎಂದು ಎದ್ದರೆ ಮತ್ತೆ ಕೂಗುತ್ತೇನೆ.

ನೀನು ಬರಬೇಡ ಅಂದಿದ್ದೆ. ನಾನು ಬರಲಿಲ್ಲ. ಅದರ ವಿಷಯ ಯಾವತ್ತಾದರೂ ಮಾತಾಡೋಣ. ಅಥವಾ ಬೇಡ.

ಪಿಸು

*

ಏಪ್ರಿಲ್ ೧೯

ಮಗಳೇ,

ಮಹಾರಾಜರು ಅರಮನೆಗೆ ಮರಳಿದ್ದಾರೆ! ಎಂಟು ಬೆರಳಿನ ಮೇಲೆ ನಡೆಯುವುದು ಹೊಸ ಕುಣಿತ ಕಲಿತ ಹಾಗೆ. ಬಲಕ್ಕೆ ಹೊರಟರೆ ಎಡಕ್ಕೆ ಹೋಗುತ್ತೇನೆ. ವಿದೂಷಕಿ ಅದನ್ನು ಆಗಲೇ ಕಲಿತು ತನ್ನ ಪಾತ್ರಕ್ಕೆ ಸೇರಿಸಿಕೊಂಡಿದ್ದಾಳೆ, ಪಾಪಿ.

ಡಬ್ಬಿಯ ಕಥೆ ಮುಗಿಸಿದೆ. ಎಲ್ಲರನ್ನೂ ಸೇರಿಸಿ ನನ್ನ ಬ್ಯಾಂಡೇಜು ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಇಟ್ಟು ತೋರಿಸಿದೆ. ಭಾಷಣ ಮಾಡಲಿಲ್ಲ ಎಂದರೆ ನಂಬುತ್ತೀಯಾ? ವಿದೂಷಕಿಯೇ ಎದ್ದು ಹೋಗಿ ಡಬ್ಬಿ ತಂದಳು. ಆಸ್ಪತ್ರೆಯ ಔಷಧಿ ಅಂಗಡಿಯವರಿಗೆ ಕೊಟ್ಟು ನಾಶಮಾಡಿಸಿದೆವು. ಖಾಲಿ ಡಬ್ಬಿಯಲ್ಲಿ ಈಗ ಬಿಸ್ಕತ್ತು ಇದೆ. ಎಷ್ಟೋ ವರ್ಷದ ಮೇಲೆ ಅದಕ್ಕೆ ಅದರ ಕೆಲಸ ಸಿಕ್ಕಿತು.

ಇನ್ನು ನಾಟಕ. ನಿರ್ದೇಶಕಿ, "ಅಕ್ಕಾ, ಮೂರನೇ ಅಂಕ ಸಿಂಹಾಸನದ ಮೇಲೆ ಕೂತೇ ಆಡಿ," ಎಂದಳು. ಕೂತು "ನಿಂತಿದ್ದೇನೆ" ಎಂದರೆ ಜನ ನಗುವುದಿಲ್ಲವೇ? ಜಗಳವಾಡಿದೆವು. ಸರ್ಜನ್‌ರನ್ನು ಕೇಳಿದರೆ, "ನಿಲ್ಲಿ. ಆದ್ರೆ ಒಬ್ಬರೇ ಬೇಡ," ಎಂದರು. ಬೂಟು ಬೇಡ, ಮೆತ್ತನೆ ಚಪ್ಪಲಿ ಸಾಕಂತೆ.

ಆಗ ದ್ವಾರಪಾಲಕಿ ಮೂಲೆಯಿಂದ ಕೇಳಿದಳು: "ಸೈನ್ಯವೆಲ್ಲ ಓಡಿಹೋದ್ರೆ ದ್ವಾರಪಾಲಕಿ ಯಾಕೆ ಓಡಬೇಕು? ಬಾಗಿಲು ಕಾಯೋದೇ ಅವಳ ಕೆಲಸ ಅಲ್ವಾ?" ಇಷ್ಟು ವರ್ಷದಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲ! ಈಗ ಅವಳು ಓಡುವುದಿಲ್ಲ. ನನ್ನ ಬಲಕ್ಕೆ ನಿಲ್ಲುತ್ತಾಳೆ. ಅವಳ ಭರ್ಜಿಯ ಮೇಲೆ ನನ್ನ ಕೈ. ಅವಳಿಗೆ ಸೊಂಟ ನೋವು, ನನಗೆ ಕಾಲು. ಬಿಡಿಬಿಡಿಯಾಗಿ ನಾವು ಯಾವ ಕೆಲಸಕ್ಕೂ ಬಾರದವರು. ತಾಲೀಮಿನಲ್ಲಿ ಅಂಕ ಮುಗಿಯುವವರೆಗೂ ನಿಂತೆವು.

ಮೇ ಹದಿನಾರು, ಸಂಜೆ. ಕೊನೇ ಸಾಲಿನ ನಡುವಿನ ಕುರ್ಚಿ ಖಾಲಿ ಇಡಿಸುತ್ತೇನೆ. ಮುಂದಿನ ಸಾಲಿನಲ್ಲಿ ಕೂರಬೇಡ. ನನ್ನ ದನಿ ಈಗ ಕೊನೇ ಸಾಲಿನವರೆಗೆ ಬರುತ್ತದೋ ಇಲ್ಲವೋ ನನಗೇ ಗೊತ್ತಿಲ್ಲ. ಯಾರಾದರೂ ಅಳೆದು ಹೇಳಬೇಕು. ಡ್ಯೂಟಿ ಇದ್ದರೆ ಪರವಾಗಿಲ್ಲ.

ಅಮ್ಮ

*

ಮೇ ೧೭

ಅಮ್ಮಾ,

ಬಸ್ಸಿನಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕುಣಿದರೆ ಓದಿಕೋ. ಒಂಬತ್ತಕ್ಕೆ ಡ್ಯೂಟಿ, ಅದಕ್ಕೇ ನೀನು ಏಳುವ ಮೊದಲೇ ಹೊರಟೆ.

ನಿನ್ನೆ ಅಳೆಯಬೇಕೆಂದೇ ಕೂತಿದ್ದೆ. ಮೊದಲನೇ ಅಂಕ ಸ್ಪಷ್ಟವಾಗಿ ಕೇಳಿತು. ಎರಡನೆಯದರಲ್ಲಿ ಬಲಗಾಲು ಎಳೆಯುತ್ತಿದ್ದೆ, ನೋವಿತ್ತು ಅನಿಸುತ್ತದೆ. ಸರ್ಜನ್‌ಗೆ ತೋರಿಸು. ತೊಳೆಯದೆ ತೋರಿಸು.

ಮೂರನೇ ಅಂಕದಲ್ಲಿ ನೀವಿಬ್ಬರೂ ಒಂದೇ ಭರ್ಜಿ ಹಿಡಿದು ನಿಂತಾಗಿನಿಂದ ಮುಂದಿನದನ್ನು ನಾನು ಅಳೆಯಲಿಲ್ಲ. ಸ್ವಂತದವರ ತಟ್ಟೆ ಸ್ವಂತದವರು ಓದಬಾರದು ಎಂಬುದು ನೆನಪಾಯಿತು. "ನಾನಿನ್ನೂ ನಿಂತಿದ್ದೇನೆ" ಆದ ಮೇಲೆ ಪಕ್ಕದ ಕುರ್ಚಿಯವರನ್ನು ಕೇಳಿದೆ, ನಿಮಗೆ ಕೇಳಿಸಿತಾ ಎಂದು. ದಪ್ಪ ಕನ್ನಡಕದ ಯಜಮಾನರು, ನಿದ್ದೆಯಿಂದ ಎದ್ದ ಹಾಗಿದ್ದರು. "ಕೇಳಿಸ್ತಾ ಅಂತ ಬೇರೆ ಕೇಳ್ತೀರಲ್ಲಮ್ಮ! ಕುರ್ಚಿಯಿಂದ ಬೀಳ್ತಿದ್ದೆ!" ಎಂದರು.

ಇದು ಅವರ ಓದು. ಹಾಗೆಯೇ ಬರೆದಿದ್ದೇನೆ.

ಬಣ್ಣದ ಕೋಣೆಯಲ್ಲಿ ನೀನೂ ಏನೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಚಿಕ್ಕಮ್ಮ, "ಇಬ್ಬರಿಗೂ ಮಾತು ಹೇಳಿಕೊಡೋ ಪ್ರಾಂಪ್ಟರ್ ಬೇಕಾ?" ಎಂದು ನಕ್ಕರಲ್ಲ. ಬೆಳಗ್ಗೆ ಬಸ್ಸು ಹತ್ತಿದಾಗಿನಿಂದ ಟಿಕೆಟು ಕೊಡುವವನು ನನ್ನ ಮುಖ ನೋಡಿ ನಗುತ್ತಿದ್ದ. ಈಗ ಕಿಟಕಿಯ ಗಾಜಿನಲ್ಲಿ ನೋಡಿಕೊಂಡೆ. ಹೊರಡುವಾಗ ಮೀಸೆಯನ್ನೂ ತೆಗೆಯದೆ ಕುರ್ಚಿಯಲ್ಲೇ ನಿದ್ದೆ ಹೋಗಿದ್ದ ನಿನ್ನ ಕೆನ್ನೆಗೆ ಕೆನ್ನೆ ತಾಗಿಸಿದ್ದೆ. ನಿನ್ನ ಅರ್ಧ ಮೀಸೆ ನನ್ನ ಕೆನ್ನೆಗೆ ಅಂಟಿಕೊಂಡು ಬಂದಿದೆ.

ಇದರೊಳಗೆ ಇಟ್ಟಿದ್ದೇನೆ. ಶನಿವಾರದ ಪ್ರದರ್ಶನಕ್ಕೆ ಬೇಕಾಗುತ್ತದಲ್ಲ.

ನಿನ್ನ ಪಿಸು